ಝೆರಾಕ್ಸ್ ಅಂಗಡಿಯಲ್ಲಿ ವೆಬ್‌ಸೈಟ್: ಹೆಸರು ನಿಮ್ಮದು, ಕೀಲಿ ಯಾರ ಕೈಯಲ್ಲಿ?

ಜಹೀರಾಬಾದ್: ಲಗ್ನಪತ್ರಿಕೆ ಅಚ್ಚು ಹಾಕಿಸಲು ಬಂದವರಿಗೆ ವೆಬ್‌ಸೈಟ್ ಮಾರಬಹುದೇ? ಮಾರಬಹುದು. ಬಿಲ್ ಬುಕ್, ವಿಸಿಟಿಂಗ್ ಕಾರ್ಡ್, ಫ್ಲೆಕ್ಸ್ ಬ್ಯಾನರ್ ಮಾಡಿಕೊಡುವ ಡಿಟಿಪಿ ಅಂಗಡಿಯ ಟೇಬಲ್ಲೇ ಇದಕ್ಕೆ ತಕ್ಕ ಜಾಗ. ಅಂಗಡಿಯ ಹೆಸರು, ಫೋನ್ ನಂಬರ್, ವಿಳಾಸ, ಏನೇನು ಮಾರುತ್ತಾರೆ ಎಂಬ ಪಟ್ಟಿ ಎಲ್ಲವೂ ಆಗಲೇ ಆ ಕಂಪ್ಯೂಟರಿನಲ್ಲಿರುತ್ತದೆ. ಕಾರ್ಡ್ ಕೊಡುವಾಗ ‘ಸಾವಕಾರ್ರೆ, ಇದನ್ನೇ ನೆಟ್‌ನಾಗೂ ಹಾಕಿ ಕೊಡ್ಲೇನ್ರಿ?’ ಎಂದು ಒಂದು ಮಾತು ಕೇಳಿದರೆ ಸಾಕು, ವ್ಯಾಪಾರ ಶುರುವಾಯಿತು.

ಇಂಗ್ಲಿಷ್‌ನವರು ಇದಕ್ಕೆ ರಿಟೇಲ್ ಪಾರ್ಟನರ್‌ಶಿಪ್ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ನಮ್ಮ ಕಡೆಯವರಿಗೆ ಇದು ಹಳೆಯ ಸಂಗತಿಯೇ. ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ನೆನಪಿದೆಯಲ್ಲ? ಲೈನು ಸರಕಾರದ್ದು, ಕುರ್ಚಿ ಮತ್ತು ಮಾತು ಅಂಗಡಿಯವನದು, ಕರೆಗಿಷ್ಟು ಎಂದು ಕಮಿಷನ್. ಆಮೇಲೆ ಮೊಬೈಲ್ ರೀಚಾರ್ಜ್ ಬಂತು. 2006ರಲ್ಲಿ ಕರ್ನಾಟಕದ ಕಡೆ ನೆಮ್ಮದಿ ಕೇಂದ್ರ, 2011ರ ನವೆಂಬರ್‌ನಲ್ಲಿ ಆಗಿನ ಆಂಧ್ರಪ್ರದೇಶದಲ್ಲಿ ಮೀ ಸೇವಾ, 2022ರಲ್ಲಿ ಗಡಿಯ ಆಚೆ ಗ್ರಾಮ ಒನ್ ಬಂದವು. ಎಲ್ಲದರ ಹೂರಣ ಒಂದೇ: ದೂರದಲ್ಲಿ ಕೂತವರ ಕೆಲಸವನ್ನು ಪರಿಚಯದ ಮುಖದ ಅಂಗಡಿಯವನು ಮಾರುವುದು. ವೆಬ್‌ಸೈಟ್ ವ್ಯಾಪಾರವೂ ಅದೇ ದಾರಿಯಲ್ಲಿ ಹೊರಟಿದೆ. ಆದರೆ ರೀಚಾರ್ಜ್‌ಗೂ ವೆಬ್‌ಸೈಟ್‌ಗೂ ಒಂದು ದೊಡ್ಡ ವ್ಯತ್ಯಾಸ ಉಂಟು. ರೀಚಾರ್ಜ್ ಮಾಡಿದ ಗಳಿಗೆಗೆ ಲೆಕ್ಕ ಮುಗಿಯಿತು. ವೆಬ್‌ಸೈಟ್ ಲೆಕ್ಕ ವರ್ಷಾ ವರ್ಷಾ ಬರುತ್ತದೆ. ತಕರಾರು ಹುಟ್ಟುವುದು ಅಲ್ಲಿಯೇ.

ಅಂಗಡಿಯವನೇ ಏಕೆ ಬೇಕು?

ಹೈದರಾಬಾದಿನ ಅಮೀರ್‌ಪೇಟೆ, ಮಾಧಾಪುರದಲ್ಲಿ ವೆಬ್‌ಸೈಟ್ ಮಾಡುವವರಿಗೆ ಬರವಿಲ್ಲ. ಜಹೀರಾಬಾದಿಗೆ ಅಲ್ಲಿಂದ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿನ ಆಸುಪಾಸು. ನಾರಾಯಣಖೇಡ ಮುಖ್ಯ ಹೆದ್ದಾರಿಯಿಂದ ಇನ್ನೂ ಒಳಗೆ. ಎಂಟು ಸಾವಿರ ರೂಪಾಯಿಯ ಕೆಲಸಕ್ಕೆ ಒಬ್ಬ ಹುಡುಗ ಅಲ್ಲಿಂದ ಬಂದು, ಅಂಗಡಿ ಫೋಟೋ ತೆಗೆದು, ಯಜಮಾನರು ಊಟಕ್ಕೆ ಹೋದರೆಂದು ಕಾದು, ಮತ್ತೆ ಇನ್ನೊಂದು ದಿನ ತಿದ್ದುಪಡಿಗೆ ಬಂದರೆ ಕೈಯಲ್ಲಿ ಉಳಿಯುವುದೇನು? ಅದಕ್ಕೇ ಡಿಸೈನರ್ ಬರುವುದಿಲ್ಲ. ಬಂದರೂ ಭಾಷೆಯ ಕಷ್ಟ. ನಾರಾಯಣಖೇಡದಲ್ಲಿ ಒಂದೇ ಅಂಗಡಿಯ ಕಟ್ಟೆಯ ಮೇಲೆ ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಕೇಳಿಸುತ್ತವೆ. 1956ಕ್ಕೆ ಮುಂಚೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್‌ವಿಂಗಡಣೆ ಗೆರೆ ಎಳೆಯಿತು, ಗಿರಾಕಿಗಳು ಗೆರೆ ದಾಟುವುದನ್ನು ಬಿಡಲಿಲ್ಲ. ಯಾವ ಗಿರಾಕಿಗೆ ಯಾವ ಭಾಷೆ ಎಂಬುದು ಗೊತ್ತಿರುವವನು ಊರಿನ ಅಂಗಡಿಯವನೇ.

ಇದು ನಮ್ಮ ಊರಿಗಷ್ಟೇ ಹೊಳೆದ ವಿಚಾರವಲ್ಲ. ಅಗ್ಗದ ವಿಸಿಟಿಂಗ್ ಕಾರ್ಡ್ ಮಾರಿ ಜಗತ್ತಿನಾದ್ಯಂತ ಹೆಸರಾದ ವಿಸ್ಟಾಪ್ರಿಂಟ್ ಕಂಪನಿ, ಕಾರ್ಡ್ ಕೊಂಡವನಿಗೇ ವೆಬ್‌ಸೈಟ್ ಮಾರತೊಡಗಿತು. 2011ರಲ್ಲಿ ವೆಬ್ಸ್ ಎಂಬ ವೆಬ್‌ಸೈಟ್ ತಯಾರಿಕೆ ಕಂಪನಿಯನ್ನೇ ಕೊಂಡುಕೊಂಡಿತು, 2021ರಲ್ಲಿ ವಿಕ್ಸ್ ಜತೆ ಕೈ ಜೋಡಿಸಿತು. ಭಾರತದಲ್ಲಿ ತುರಾಖಿಯಾ ಸಹೋದರರ ಡೈರೆಕ್ಟಿ ಬಳಗದ ರಿಸೆಲ್ಲರ್‌ಕ್ಲಬ್ ಎಂಬ ಸಂಸ್ಥೆ ಬೇರೆ ರೀತಿ ಮಾಡಿತು. ತಾನು ಸಗಟು ವ್ಯಾಪಾರಿ. ಡೊಮೈನ್ ಹೆಸರನ್ನು, ಜಾಗವನ್ನು ಸಣ್ಣ ಮಾರಾಟಗಾರರಿಗೆ ಸಗಟು ದರದಲ್ಲಿ ಕೊಡುವುದು. ಅವರು ತಮ್ಮದೇ ಅಂಗಡಿಯ ಹೆಸರಿನಲ್ಲಿ, ತಮ್ಮದೇ ದರದಲ್ಲಿ ಮಾರುವುದು. ಈ ವ್ಯವಹಾರವನ್ನು 2014ರಲ್ಲಿ ಅಮೆರಿಕದ ಎಂಡ್ಯೂರೆನ್ಸ್ ಕೊಂಡಿತು. ಇಂಥ ಸಗಟು ಖಾತೆ ತೆರೆಯಲು ದೊಡ್ಡ ಬಂಡವಾಳ ಬೇಡ. ತಾಂಡೂರಿನ ಝೆರಾಕ್ಸ್ ಅಂಗಡಿಯವನೂ ತೆರೆಯಬಹುದು. ಅನುಕೂಲವೂ ಅದರಲ್ಲೇ, ಅಪಾಯವೂ ಅದರಲ್ಲೇ.

ದುಡ್ಡು ಹಂಚಿಕೆ ಹೇಗೆ?

ಒಂದು ಉದಾಹರಣೆ ಲೆಕ್ಕ ನೋಡೋಣ. ದರ ಊರಿಂದೂರಿಗೆ ಬೇರೆ, ಇದು ತಿಳಿಯಲಿಕ್ಕೆ ಮಾತ್ರ. ಫರಸಿ ಕಲ್ಲು ಪಾಲಿಶ್ ಮಾಡುವ ಒಬ್ಬರು ಐದು ಪುಟದ ವೆಬ್‌ಸೈಟ್‌ಗೆ 8,000 ರೂಪಾಯಿ ಒಪ್ಪಿದರು ಎನ್ನಿ. ಅದರಲ್ಲಿ ಹೆಸರಿಗೆ, ಅಂದರೆ ಡೊಮೈನ್‌ಗೆ, 800. ಪುಟಗಳನ್ನು ಇಡುವ ಜಾಗಕ್ಕೆ, ಅಂದರೆ ಹೋಸ್ಟಿಂಗ್‌ಗೆ, 1,700. ಡಿಸೈನರ್‌ಗೆ 3,500. ಅಂಗಡಿಯವನಿಗೆ 2,000. ಬಿಲ್ ಹಾಕುವ ಸಂಸ್ಥೆ ಜಿಎಸ್‌ಟಿ ನೋಂದಣಿ ಇದ್ದದ್ದಾದರೆ ಶೇ. 18ರಂತೆ 1,440 ಸೇರಿ ಒಟ್ಟು 9,440.

ಮರು ವರ್ಷ? ಡಿಸೈನ್ ಖರ್ಚಿಲ್ಲ. ಹೆಸರು 800, ಜಾಗ 1,700, ಅಂಗಡಿಯವನಿಗೆ 500. ಒಟ್ಟು 3,000, ತೆರಿಗೆ ಸೇರಿ 3,540.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಇಪ್ಪತ್ತು ಗಿರಾಕಿ ಹಿಡಿದ ಅಂಗಡಿಯವನಿಗೆ ಮೊದಲ ವರ್ಷ 40,000 ಬಂತು. ಎರಡನೇ ವರ್ಷ ಅದೇ ಇಪ್ಪತ್ತು ಮಂದಿಯಿಂದ 10,000. ಆದರೆ ಫೋನುಗಳು ಕಡಿಮೆಯಾಗಿರುವುದಿಲ್ಲ. ‘ನಂಬರ್ ಬದಲಾಯಿಸು’, ‘ಮಗನ ಫೋಟೋ ಹಾಕು’, ‘ತೆರೀತಾನೇ ಇಲ್ಲ’ ಎಂಬ ಕರೆಗಳು ಹೆಚ್ಚೇ ಆಗಿರುತ್ತವೆ. ಹೊಸ ಗಿರಾಕಿ ಹಿಡಿದರೆ 2,000, ಹಳೆಯವನ ಕೆಲಸ ಮಾಡಿದರೆ 500. ಮನುಷ್ಯ ಯಾವ ಕಡೆ ಓಡುತ್ತಾನೆ? ಗಿರಾಕಿಗಳು ‘ಆ ಹುಡುಗ ಫೋನೇ ಎತ್ತವಲ್ಲ’ ಎಂದು ದೂರುವುದಕ್ಕೆ ಹುಡುಗನ ಗುಣಕ್ಕಿಂತ ಈ ಹಂಚಿಕೆಯೇ ಹೆಚ್ಚು ಕಾರಣ. ಹಾಗಾಗಿ ಪಾಲುದಾರ ಆಗಬೇಕೆನ್ನುವ ಅಂಗಡಿಯವರು ಮೊದಲು ಕೇಳಬೇಕಾದದ್ದು ಮೊದಲ ವರ್ಷದ ಕಮಿಷನ್ ಎಷ್ಟು ಎಂದಲ್ಲ, ನವೀಕರಣದ ಮೇಲೆ ಎಷ್ಟು ಎಂದು. ತಿದ್ದುಪಡಿಗೆ ಬೇರೆ ದರ ಇಟ್ಟು, ಅದನ್ನು ಮೊದಲೇ ಚೀಟಿಯಲ್ಲಿ ಬರೆದು ಕೊಡುವ ಅಂಗಡಿ ಸ್ವಲ್ಪ ದುಬಾರಿ ಎನಿಸಿದರೂ ಬಾಳಿಕೆ ಬರುತ್ತದೆ.

ಉಚಿತ ಎಂದು ಬಂದವು ಎಲ್ಲಿ ಹೋದವು?

2011ರ ನವೆಂಬರ್‌ನಲ್ಲಿ ಗೂಗಲ್ ಇಂಡಿಯಾ, ಹೋಸ್ಟ್‌ಗೇಟರ್ ಜತೆ ಸೇರಿ ಸಣ್ಣ ಉದ್ಯಮಗಳನ್ನು ಅಂತರ್ಜಾಲಕ್ಕೆ ತರುವ ಕಾರ್ಯಕ್ರಮ ಶುರು ಮಾಡಿತು. ಡಾಟ್ ಇನ್ ಹೆಸರು ಮತ್ತು ವೆಬ್‌ಸೈಟ್ ಮೊದಲ ವರ್ಷ ಪುಕ್ಕಟೆ. ಮೂರು ವರ್ಷದಲ್ಲಿ ಐದು ಲಕ್ಷ ಉದ್ಯಮಗಳು ಎಂಬ ಗುರಿ. ಎರಡನೇ ವರ್ಷದಿಂದ ದುಡ್ಡು ಕಟ್ಟಬೇಕಿತ್ತು.

ಆಮೇಲೆ 2017ರಲ್ಲಿ ಗೂಗಲ್ ಇನ್ನೊಂದು ಸೌಲಭ್ಯ ತಂದಿತು. ಮ್ಯಾಪ್‌ನಲ್ಲಿರುವ ಅಂಗಡಿಯ ಮಾಹಿತಿಯಿಂದಲೇ ಕೆಲವು ನಿಮಿಷದಲ್ಲಿ ಒಂದು ಪುಟದ ಪುಕ್ಕಟೆ ವೆಬ್‌ಸೈಟ್. ವಿಳಾಸದ ಕೊನೆಗೆ ಬಿಸಿನೆಸ್ ಡಾಟ್ ಸೈಟ್ ಎಂದು ಇರುತ್ತಿತ್ತು. ಮಾಡಿಕೊಳ್ಳಲು ಯಾರ ಹಂಗೂ ಬೇಡ. 2024ರ ಮಾರ್ಚ್‌ನಲ್ಲಿ ಗೂಗಲ್ ಇವನ್ನೆಲ್ಲ ಮುಚ್ಚಿತು. ಜೂನ್ 10ರವರೆಗೆ ಹಳೆಯ ವಿಳಾಸ ಒತ್ತಿದರೆ ಅಂಗಡಿಯ ಗೂಗಲ್ ಪ್ರೊಫೈಲ್‌ಗೆ ಹೋಗುತ್ತಿತ್ತು, ಆಮೇಲೆ ಅದೂ ನಿಂತಿತು. ಕಾರ್ಡಿನ ಮೇಲೆ, ಬಿಲ್ಲಿನ ಮೇಲೆ, ಲಾರಿಯ ಹಿಂದೆ ಆ ವಿಳಾಸ ಬರೆಸಿಕೊಂಡಿದ್ದವರಿಗೆ ಬಣ್ಣದ ಖರ್ಚು ದಂಡ.

ಗೂಗಲ್ ಇಲ್ಲಿ ಮೋಸ ಮಾಡಿತು ಎನ್ನಲಾಗದು, ಪುಕ್ಕಟೆ ಕೊಟ್ಟದ್ದನ್ನು ಹಿಂದೆ ಪಡೆಯಿತು, ಮೊದಲೇ ತಿಳಿಸಿತ್ತು ಕೂಡ. ಆದರೆ ಹೆಸರು ಬಾಡಿಗೆಯದಾಗಿರದೆ ಸ್ವಂತದ್ದಾಗಿದ್ದರೆ, ಪುಟ ಹೋದರೂ ವಿಳಾಸ ಉಳಿಯುತ್ತಿತ್ತು. ಅದೇ ಹೆಸರನ್ನು ಬೇರೆ ಕಡೆ ತಿರುಗಿಸಿಕೊಳ್ಳಬಹುದಿತ್ತು.

ಕೀಲಿ ಯಾರ ಹತ್ತಿರ?

ಗಡಿ ಭಾಗದ ಯಾವುದೇ ಅಂಗಡಿ, ಮಿಲ್ಲು, ಲಾಡ್ಜ್‌ನವರು ವೆಬ್‌ಸೈಟ್ ಮಾಡಿಸುವಾಗ ಬಣ್ಣ, ಚಿತ್ರ, ಅಕ್ಷರದ ಬಗ್ಗೆ ಅರ್ಧ ದಿನ ಮಾತಾಡುತ್ತಾರೆ. ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಯಿತು ಎಂದು ಕೇಳುವವರು ಕಡಿಮೆ. ಇದು ಹೊಲ ಕೊಂಡು ಪಹಣಿಯನ್ನು ದಲ್ಲಾಳಿಯ ಹೆಸರಿಗೆ ಬಿಟ್ಟ ಹಾಗೆ.

ಡಾಟ್ ಇನ್ ಹೆಸರುಗಳ ಉಸ್ತುವಾರಿ ನಿಕ್ಸಿ ಎಂಬ ಸಂಸ್ಥೆಯದು. 2003ರಲ್ಲಿ ಸ್ಥಾಪನೆಯಾದದ್ದು. 2005ರಿಂದ ಈ ಹೆಸರುಗಳು ಎಲ್ಲರಿಗೂ ಮುಕ್ತವಾಗಿವೆ. ನೋಂದಣಿ ಮಾಡಿಕೊಡುವವರು ಮಾನ್ಯತೆ ಪಡೆದ ಸಂಸ್ಥೆಗಳು, ಅವರ ಕೆಳಗೆ ಮರುಮಾರಾಟಗಾರರು, ಅವರ ಕೆಳಗೆ ನಿಮ್ಮ ಊರಿನ ಅಂಗಡಿ. ಇಷ್ಟು ಮೆಟ್ಟಿಲು ಇರುವಾಗ ಅಂಗಡಿಯವನು ಸುಲಭ ಎಂದು ಇಪ್ಪತ್ತೂ ಗಿರಾಕಿಗಳ ಹೆಸರನ್ನು ತನ್ನದೇ ಇ-ಮೇಲ್, ತನ್ನದೇ ಹೆಸರಿನಲ್ಲಿ ಹಾಕಿಬಿಡುತ್ತಾನೆ. ಕೆಟ್ಟ ಬುದ್ಧಿಯಿಂದಲ್ಲ, ಅನೇಕ ಗಿರಾಕಿಗಳಿಗೆ ಇ-ಮೇಲೇ ಇರುವುದಿಲ್ಲ! ಆದರೆ ನಾಳೆ ಅವನು ಅಂಗಡಿ ಮುಚ್ಚಿ ಹೈದರಾಬಾದಿಗೆ ಕೆಲಸಕ್ಕೆ ಹೋದರೆ, ಜಗಳವಾದರೆ, ಸತ್ತೇಹೋದರೆ, ಆ ಹೆಸರಿನ ಮೇಲೆ ಗಿರಾಕಿಗೆ ಹಕ್ಕು ಸಾಧಿಸುವುದು ಕಷ್ಟ. ನವೀಕರಣದ ನೆನಪೋಲೆಗಳು ಯಾರೂ ತೆರೆಯದ ಇ-ಮೇಲ್‌ಗೆ ಬಂದು ಬೀಳುತ್ತಿರುತ್ತವೆ. ಅವಧಿ ಮುಗಿದ ಮೇಲೆ ಕೆಲವು ದಿನ ಮಾಮೂಲಿ ದರದಲ್ಲಿ, ಆಮೇಲೆ ಸಾಮಾನ್ಯವಾಗಿ 30 ದಿನ ಭಾರಿ ದಂಡದ ಮೇಲೆ ಬಿಡಿಸಿಕೊಳ್ಳಬಹುದು. ಅದೂ ಮುಗಿದರೆ ಹೆಸರು ಸಂತೆಗೆ ಬಂತು, ಯಾರು ಬೇಕಾದರೂ ಕೊಳ್ಳಬಹುದು.

ಮೇಲಿನ ಮೆಟ್ಟಿಲೇ ಮುರಿದದ್ದೂ ಉಂಟು. ನೆಟ್ 4 ಇಂಡಿಯಾ ಎಂಬ ಹಳೆಯ ನೋಂದಣಿ ಸಂಸ್ಥೆ ದಿವಾಳಿ ಪ್ರಕ್ರಿಯೆಗೆ ಸಿಲುಕಿದಾಗ ಅದರ ಗ್ರಾಹಕರು ಹೆಸರು ನವೀಕರಿಸಲೂ ಆಗದೆ, ಬೇರೆಡೆ ಒಯ್ಯಲೂ ಆಗದೆ ಒದ್ದಾಡಿದರು. ಕೊನೆಗೆ 2021ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಐಕ್ಯಾನ್ ಅದರ ಮಾನ್ಯತೆ ರದ್ದು ಮಾಡಿ, ಡಾಟ್ ಕಾಮ್ ಮುಂತಾದ ಹೆಸರುಗಳನ್ನು ಬೇರೆ ನೋಂದಣಿ ಸಂಸ್ಥೆಗೆ ವರ್ಗಾಯಿಸಿತು. ದಾಖಲೆಯಲ್ಲಿ ಸ್ವಂತ ಹೆಸರು, ಸ್ವಂತ ಇ-ಮೇಲ್ ಇದ್ದವರಿಗೆ ತಮ್ಮದೆಂದು ತೋರಿಸಲು ಆಧಾರವಾದರೂ ಇತ್ತು. ಮಧ್ಯವರ್ತಿಯ ಹೆಸರಿನಲ್ಲಿದ್ದರೆ ಆ ಆಧಾರವೂ ಇಲ್ಲ.

ಆದ್ದರಿಂದ ದುಡ್ಡು ಕೊಡುವ ಮುಂಚೆಯೇ ಗಿರಾಕಿಯ ಹೆಸರಿನಲ್ಲಿ ಒಂದು ಇ-ಮೇಲ್ ಮಾಡಿಸಿ, ಅದರ ಪಾಸ್‌ವರ್ಡ್ ಗಿರಾಕಿಯೇ ಇಟ್ಟುಕೊಳ್ಳಬೇಕು. ನೋಂದಣಿದಾರ ಎಂಬ ಜಾಗದಲ್ಲಿ ಅಂಗಡಿಯ ಮಾಲೀಕನ ಹೆಸರೇ ಇರಬೇಕು. ನೋಂದಣಿ ಮುಗಿದ ಮೇಲೆ ಖಾತೆಯ ಪುಟವನ್ನು ಮುದ್ರಿಸಿಕೊಂಡು ಬಿಲ್ ಜತೆ ಇಟ್ಟುಕೊಳ್ಳಬೇಕು. ‘ಹೂ ಈಸ್’ ಎಂಬ ಹುಡುಕಾಟದಲ್ಲಿ ಯಾವ ಸಂಸ್ಥೆಯಲ್ಲಿ ನೋಂದಣಿ, ಯಾವ ದಿನ ಅವಧಿ ಮುಗಿಯುತ್ತದೆ ಎಂಬುದು ಯಾರಿಗಾದರೂ ಕಾಣುತ್ತದೆ. ಮಾಲೀಕರ ಹೆಸರನ್ನು ಮಾತ್ರ ಈಗೀಗ ಮರೆಮಾಡಿರುತ್ತಾರೆ. ಬೇರೆ ಕಡೆ ಒಯ್ಯಲು ಆಥ್ ಕೋಡ್ ಎಂಬ ಗುಟ್ಟಿನ ಸಂಖ್ಯೆ ಬೇಕು. ಅದನ್ನು ಕೇಳಿದಾಗ ಕೊಡುತ್ತೇವೆ ಎಂದು ಅಂಗಡಿಯವನಿಂದ ಬರೆಸಿಕೊಂಡರೆ ಮುಕ್ಕಾಲು ಜಗಳ ಮೊದಲೇ ತಪ್ಪಿತು. ಹೆಸರನ್ನು ಒಮ್ಮೆಗೇ ಹತ್ತು ವರ್ಷದವರೆಗೂ ಕಟ್ಟಿಡಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸುವುದಕ್ಕೂ ಇದೇ ಮಾತು. ಅದು ಪೂರ್ತಿ ಪುಕ್ಕಟೆ. ಅಂಗಡಿಯವನು ಪಡೆಯುವುದು ತನ್ನ ಕೂಲಿ ಮಾತ್ರ, ಗೂಗಲ್ ಫೀಸು ಎಂದರೆ ನಂಬಬಾರದು. ಮಾಲೀಕತ್ವ ಗಿರಾಕಿಯ ಖಾತೆಯಲ್ಲಿರಲಿ, ಡಿಟಿಪಿ ಹುಡುಗನಿಗೆ ಮ್ಯಾನೇಜರ್ ಎಂಬ ಅಧಿಕಾರ ಕೊಟ್ಟರೆ ಸಾಕು. ಫೋಟೋ ಬದಲಿಸಬಹುದು, ಅಂಗಡಿಯನ್ನೇ ಎತ್ತಿಕೊಂಡು ಹೋಗಲಾರ.

ಎಲ್ಲರಿಗೂ ಬೇಕೇ?

ಬೇಡ. ಓಣಿಯ ಕಿರಾಣಿ ಅಂಗಡಿಗೆ ವೆಬ್‌ಸೈಟ್ ಮಾರುವುದು ಬೋಳುತಲೆಗೆ ಬಾಚಣಿಗೆ ಮಾರಿದಂತೆ. ಅವರಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು, 2018ರಿಂದ ಪುಕ್ಕಟೆ ಸಿಗುತ್ತಿದೆ. ಮ್ಯಾಪ್‌ನಲ್ಲಿ ಸರಿಯಾದ ಜಾಗ, ಸರಿಯಾದ ಫೋನ್ ನಂಬರ್ ಇದ್ದರೆ ಮುಗಿಯಿತು.

ತಾಂಡೂರಿನ ಫರಸಿ ಕಲ್ಲಿನವರ ಸಂಗತಿ ಬೇರೆ. ಅವರ ಗಿರಾಕಿ ತಾಂಡೂರಿನಲ್ಲಿಲ್ಲ. ಮನೆ ಕಟ್ಟುವವನು ಪುಣೆಯಲ್ಲೋ ಚೆನ್ನೈನಲ್ಲೋ ಕೂತು ನೀಲಿ ಕಲ್ಲು, ಹಳದಿ ಕಲ್ಲು, ದಪ್ಪ ಎಷ್ಟು, ಪಾಲಿಶ್ ಎಂಥದು ಎಂದು ಹುಡುಕುತ್ತಾನೆ. ತೊಗರಿಯವರದೂ ಹಾಗೆಯೇ. 2019ರಲ್ಲಿ ಕಲಬುರಗಿ ತೊಗರಿಗೆ, 2022ರ ಡಿಸೆಂಬರ್‌ನಲ್ಲಿ ತಾಂಡೂರು ತೊಗರಿಗೆ ಜಿಐ ಮಾನ್ಯತೆ ಸಿಕ್ಕಿದೆ. ಹೆಸರಿಗೆ ಬೆಲೆ ಬಂದ ಮೇಲೆ ಆ ಹೆಸರನ್ನು ಹುಡುಕುವವರೂ ಬರುತ್ತಾರೆ. ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಬರುವ ಭಕ್ತರಲ್ಲಿ ಕರ್ನಾಟಕದವರು ಬಹಳ. ಊಟ ಎಲ್ಲಿ, ಉಳಿಯುವುದೆಲ್ಲಿ ಎಂದು ಅವರು ಬಸ್ಸಿನಲ್ಲೇ ಮೊಬೈಲ್ ನೋಡುತ್ತಾರೆ. ಇಂಥ ಕಡೆ ಒಳ್ಳೆಯ ಪುಟಕ್ಕೆ ಕೊಟ್ಟ ದುಡ್ಡು ಹುಟ್ಟುತ್ತದೆ.

ಎರಡು ಭಾಷೆಯ ಗಿರಾಕಿ

ಗಡಿಯವರಿಗೆ ಹೊರಗಿನ ಡಿಸೈನರ್ ತಿಳಿಯದ ಒಂದು ವಿಷಯ ಗೊತ್ತು. ಬೀದರ್‌ನವರು ತೊಗರಿ ಬೇಳೆ ಎಂದು ಹುಡುಕಿದರೆ ಈಚೆಯವರು ಕಂದಿಪಪ್ಪು ಎಂದು ಹುಡುಕುತ್ತಾರೆ. ಅವರಿಗೆ ಫರಸಿ, ಇವರಿಗೆ ನಾಪರಾಯಿ. ಒಂದೇ ಮಾಲು, ಎರಡು ಹೆಸರು. ಪುಟದಲ್ಲಿ ಎರಡೂ ಲಿಪಿಯಲ್ಲಿ ಎರಡೂ ಮಾತು ಇದ್ದರೆ ಮಾತ್ರ ಇಬ್ಬರಿಗೂ ಅಂಗಡಿ ಸಿಗುತ್ತದೆ. ಬರೀ ಇಂಗ್ಲಿಷ್ ಪುಟ ನೋಡಲು ಚೆಂದ, ಅಷ್ಟೇ.

ಡಿಟಿಪಿ ಅಂಗಡಿಯವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಲಗ್ನಪತ್ರಿಕೆಗೆ ಬಳಸುವ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ, ತೆಲುಗಿಗಾದರೆ ಅನು ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದನ್ನೇ ವೆಬ್‌ಸೈಟ್‌ಗೆ ಹಾಕುತ್ತಾರೆ. ಕಾಗದದ ಮೇಲೆ ಸರಿಯಾಗಿ ಕಾಣುವ ಅದೇ ಮಾತು ಮೊಬೈಲ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಅದನ್ನು ತಪ್ಪಿಸಲು ಕೆಲವರು ಪೂರ್ತಿ ಪುಟವನ್ನು ಚಿತ್ರವಾಗಿಸಿ ಅಂಟಿಸುತ್ತಾರೆ. ಕಣ್ಣಿಗೆ ಕಂಡರೂ ಗೂಗಲ್ ಅದನ್ನು ಬರಹದಂತೆ ಓದಿ ಹುಡುಕಿಕೊಡುವುದು ಕಷ್ಟ, ನಂಬರ್ ಒತ್ತಿದರೆ ಫೋನೂ ಹೋಗುವುದಿಲ್ಲ. ಯುನಿಕೋಡ್‌ನಲ್ಲೇ ಬೆರಳಚ್ಚು ಮಾಡಬೇಕು. ಪರೀಕ್ಷೆ ಬಹಳ ಸುಲಭ: ಪುಟದ ಒಂದು ಸಾಲನ್ನು ಹಿಡಿದು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡ ಕನ್ನಡವಾಗಿಯೇ ಬಂದರೆ ಕೆಲಸ ಸರಿ. ಇಲ್ಲವಾದರೆ ಬಾಕಿ ದುಡ್ಡು ಕೊಡಬೇಡಿ. ಅಂದ ಹಾಗೆ, ವೆಬ್ ವಿಳಾಸವನ್ನೇ ಕನ್ನಡ ಲಿಪಿಯಲ್ಲೋ ತೆಲುಗು ಲಿಪಿಯಲ್ಲೋ ಪಡೆಯಲೂ ಈಗ ಅವಕಾಶವಿದೆ, ಕೊನೆಗೆ ಡಾಟ್ ಭಾರತ ಎಂದು ಬರುತ್ತದೆ. ಆದರೆ ಗಿರಾಕಿ ಅದನ್ನು ಬೆರಳಚ್ಚು ಮಾಡಬೇಕಲ್ಲ... ಇಂಗ್ಲಿಷ್ ವಿಳಾಸದ ಜತೆಗೆ ಇದ್ದರೆ ಅಡ್ಡಿಯಿಲ್ಲ, ಅದೊಂದನ್ನೇ ನೆಚ್ಚುವ ಹೊತ್ತು ಇನ್ನೂ ಬಂದಿಲ್ಲ.

ಗಡಿ ದಾಟಿದ ಬಿಲ್

ಜಹೀರಾಬಾದಿನ ಅಂಗಡಿ ಬೀದರ್‌ನ ಹೋಟೆಲಿಗೆ ವೆಬ್‌ಸೈಟ್ ಮಾರಿದರೆ ತೆರಿಗೆ ಏನು? ಬೇರೆ ರಾಜ್ಯ ಎಂದಾಕ್ಷಣ ಜಿಎಸ್‌ಟಿ ನೋಂದಣಿ ಕಡ್ಡಾಯ ಎಂಬ ಭಯ ಇನ್ನೂ ಹಲವರಲ್ಲಿದೆ. ವಸ್ತು ಮಾರುವವರಿಗೆ ಆ ನಿಯಮ ಬೇರೆ. ಸೇವೆ ಮಾರುವವರ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿದ್ದರೆ, ಹೊರ ರಾಜ್ಯಕ್ಕೆ ಮಾರಿದರೂ ನೋಂದಣಿಯಿಂದ 2017ರ ಅಕ್ಟೋಬರ್‌ನಿಂದಲೇ ವಿನಾಯಿತಿ ಇದೆ. ಆದರೆ ಬೇರೆ ಸಂಸ್ಥೆಯ ಪರವಾಗಿ, ಅದರ ಏಜೆಂಟ್ ಆಗಿ ಮಾರುವುದಾದರೆ ನಿಯಮ ಬದಲಾಗಬಹುದು. ಪಾಲುದಾರಿಕೆ ಕಾಗದಕ್ಕೆ ಸಹಿ ಹಾಕುವ ಮುಂಚೆ ಊರಿನ ತೆರಿಗೆ ಸಲಹೆಗಾರರಿಗೆ ಆ ಕಾಗದ ತೋರಿಸುವುದು ಕ್ಷೇಮ.

ನೋಂದಣಿ ಇರುವ ಹೈದರಾಬಾದ್ ಸಂಸ್ಥೆ ತಾಂಡೂರಿನವರಿಗೆ ಬಿಲ್ ಹಾಕಿದರೆ ಶೇ. 9 ಕೇಂದ್ರದ್ದು, ಶೇ. 9 ರಾಜ್ಯದ್ದು, ಸೇಡಂನವರಿಗೆ ಹಾಕಿದರೆ ಶೇ. 18 ಐಜಿಎಸ್‌ಟಿ. ಒಟ್ಟು ಒಂದೇ. ನೋಂದಣಿ ಇರುವ ಗಿರಾಕಿ ಇದನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಕಾಂಪೋಸಿಷನ್‌ನಲ್ಲಿರುವವನಿಗೆ ಆ ಅನುಕೂಲವಿಲ್ಲ. ನೋಂದಣಿಯೇ ಇಲ್ಲದ ಅಂಗಡಿ ಜಿಎಸ್‌ಟಿ ಎಂದು ಬರೆದು ದುಡ್ಡು ಕೇಳಿದರೆ ಕೊಡಬೇಕಾಗಿಲ್ಲ.

ಕೆಲಸ ಅರ್ಧಕ್ಕೆ ಬಿಟ್ಟು ಹೋದರೆ? ದುಡಿಮೆಗಾಗಿ ತಾನೇ ಅಂಗಡಿ ನಡೆಸುವವನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕನೇ. ಮಾರಿದ ಸಂಸ್ಥೆ ಬೆಂಗಳೂರಿನಲ್ಲಿದ್ದರೂ ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಅಲ್ಲಿಯವರೆಗೆ ಅಲೆಯಬೇಕಿಲ್ಲ. ಬಿಲ್, ಹಣ ಕಳಿಸಿದ ಯುಪಿಐ ದಾಖಲೆ, ವಾಟ್ಸ್‌ಆ್ಯಪ್ ಮಾತುಕತೆ ಅಳಿಸದೆ ಇಟ್ಟುಕೊಂಡಿರಬೇಕು. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು. ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡುತ್ತಾರೆ.